ಸರ್, ಆ ನೆಕ್ಲೆಸ್ ಡೂಪ್ಲಿಕೇಟ್!

ಹತ್ತನೇ ಕ್ಲಾಸಿಗೆ 'ದಿ ನೆಕ್ಲೆಸ್' ಶುರು ಮಾಡೋಣ ಅಂತ ಬೋರ್ಡಿನ ಮೇಲೆ ಹೆಸರು ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಬಂತು: "ಸರ್, ಆ ನೆಕ್ಲೆಸ್ ಡೂಪ್ಲಿಕೇಟ್!" ಮುಗೀತು. ಫ್ರೆಂಚ್ ಕಥೆಗಾರ ಮೊಪಾಸಾ ಕೊನೇ ಸಾಲಿನ ತನಕ ಜೋಪಾನ ಮಾಡಿದ ಗುಟ್ಟು ಮೂರು ಸೆಕೆಂಡಿನಲ್ಲಿ ಬಟಾಬಯಲು. ಯೂಟ್ಯೂಬಿನಲ್ಲಿ ಸಾರಾಂಶ ನೋಡಿರುತ್ತಾರೆ, ಇಲ್ಲಾ ಟ್ಯೂಷನ್ನಿನಲ್ಲಿ ಆಗಿಹೋಗಿರುತ್ತದೆ. ಕಥೆ ಇಷ್ಟೇ: ಮಟಿಲ್ಡಾ ಪಾರ್ಟಿಗೆ ಅಂತ ಸಾಹುಕಾರ ಗೆಳತಿ ಫಾರೆಸ್ಟಿಯೇ ಹತ್ತಿರ ವಜ್ರದ ಸರ ಎರವಲು ತಂದು ಕಳೆದುಕೊಳ್ಳುತ್ತಾಳೆ, ಗಂಡ ಹೆಂಡತಿ ಸಾಲ ಮಾಡಿ ಅಂಥದ್ದೇ ಅಸಲಿ ಸರ ಕೊಂಡು ವಾಪಸ್ ಕೊಟ್ಟು, ಆ ಸಾಲ ತೀರಿಸಲು ವರ್ಷಗಟ್ಟಲೆ ಹೆಣಗುತ್ತಾರೆ. ಕಳೆದದ್ದು ನಕಲಿ ಅಂತ ಗೊತ್ತಾಗುವುದು ಕೊನೆಯಲ್ಲಿ.

ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಅಲ್ಲಿಂದಲೇ ಪಾಠ ಶುರು. ನಕಲಿ ಅಂತ ಗೊತ್ತಾಯ್ತಲ್ವಾ, ಹಾಗಾದ್ರೆ ಕಥೆಗಾರ ಅದನ್ನು ಮೊದಲೇ ಎಲ್ಲೆಲ್ಲಿ ಬಿಟ್ಟುಕೊಟ್ಟಿದ್ದಾನೆ ಹುಡುಕಿ ನೋಡೋಣ ಅನ್ನುತ್ತೇನೆ. ಸಿಬಿಎಸ್‌ಇ ಪುಸ್ತಕದಲ್ಲಿರುವುದು ಮೊಟಕು ಮಾಡಿದ ಕಥೆ. ಹಾಗಾಗಿ ಪೂರ್ತಿ ಇಂಗ್ಲಿಷ್ ಅನುವಾದದ ಪ್ರಿಂಟ್ ತೆಗೆದು ಹಂಚುತ್ತೇನೆ, ಎಲ್ಲರ ಕೈಗೂ ಒಂದೊಂದು ಪೆನ್ಸಿಲ್.

ಸರ ಕಳೆದ ಮೇಲೆ ಗಂಡ ಹೆಂಡತಿ ಖಾಲಿ ಪೆಟ್ಟಿಗೆ ಹಿಡಿದುಕೊಂಡು, ಅದರೊಳಗೆ ಹೆಸರಿದ್ದ ಆಭರಣದ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ಲೆಕ್ಕದ ಪುಸ್ತಕ ತಿರುವಿ ಹಾಕಿ, ಸರ ಮಾರಿದ್ದು ನಾನಲ್ಲ, ಪೆಟ್ಟಿಗೆ ಮಾತ್ರ ನಮ್ಮದಿರಬೇಕು ಅನ್ನುತ್ತಾನೆ. ಅಷ್ಟೇ. ಒಂದೇ ಸಾಲು. ಈ ಸಾಲಿಗೆ ಬಂದಾಗ ಯಾವಾಗಲೂ ಯಾರಾದರೊಬ್ಬರು "ಅಯ್ಯೋ!" ಅಂತ ಕೂಗಿಯೇ ಕೂಗುತ್ತಾರೆ. ಅಸಲಿ ಅಂಗಡಿಯ ಡಬ್ಬಿ, ಒಳಗೆ ಬೇರೆಲ್ಲಿಯದೋ ಮಾಲು! ಸರ ವಾಪಸ್ ಕೊಡುವಾಗ ಫಾರೆಸ್ಟಿಯೇ ಮುಖ ಗಂಟಿಕ್ಕಿ, ಇನ್ನೂ ಬೇಗ ತರಬೇಕಿತ್ತು ಅನ್ನುತ್ತಾಳೆ, ಆದರೆ ಪೆಟ್ಟಿಗೆ ತೆರೆದೂ ನೋಡುವುದಿಲ್ಲ. ವಜ್ರವಾಗಿದ್ದರೆ ನೋಡದೆ ಇರ್ತಿದ್ಳಾ?

ಇಲ್ಲಿ ಈ ಸಲ ಪಾಠ ನನ್ನ ಕೈ ತಪ್ಪಿತು. ಒಬ್ಬ ಹುಡುಗಿ ಕೇಳಿದಳು, ಎರವಲು ಕೊಡುವಾಗಲೇ ಇದು ನಕಲಿ ಅಂತ ಫಾರೆಸ್ಟಿಯೇ ಹೇಳಬಹುದಿತ್ತಲ್ಲ ಸರ್? ಪಕ್ಕದವಳು ತಕ್ಷಣ, "ಯಾಕೆ ಹೇಳ್ಬೇಕು? ಮದುವೆ ಮನೇಲಿ ನಿಮ್ಮಮ್ಮ ಇದು ಒಂದು ಗ್ರಾಂ ಗೋಲ್ಡು ಅಂತ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಾರಾ?" ಕ್ಲಾಸೆಲ್ಲ ನಗು. ಆದರೆ ಮಾತು ಸರಿಯಾಗೇ ಇತ್ತು. ಗೈಡುಗಳೆಲ್ಲ ಮಟಿಲ್ಡಾಳ ಒಣ ಜಂಬವೇ ಅವಳನ್ನು ಹಾಳು ಮಾಡಿತು ಅಂತ ಬರೆದು, ಹಾಸಿಗೆ ಇದ್ದಷ್ಟೇ ಕಾಲು ಚಾಚು ಅನ್ನೋ ನೀತಿ ಅಂಟಿಸಿ ಮುಗಿಸುತ್ತವೆ. ಸಾಹುಕಾರ ಗೆಳತಿಯ ಜಂಬದ ಸುದ್ದಿಯೇ ಇಲ್ಲ. ಇಷ್ಟು ವರ್ಷ ಪಾಠ ಮಾಡಿದ ನನಗೂ ಅದು ಹೊಳೆದಿರಲಿಲ್ಲ, ಸುಮ್ನೆ ಒಪ್ಪಿಕೊಳ್ಳುತ್ತೇನೆ.

ಸಾಲದ ಲೆಕ್ಕವನ್ನೂ ಮಾಡಿಸುತ್ತೇನೆ. ಬದಲಿಗೆ ಕೊಂಡ ಸರಕ್ಕೆ 36,000 ಫ್ರಾಂಕ್. ಬರೀ ಅಂಕಿ ಹೇಳಿದರೆ ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ. ಕಥೆ ಬಂದದ್ದು 1884ರಲ್ಲಿ, ಆಗಿನ 20 ಫ್ರಾಂಕಿನ ಚಿನ್ನದ ನಾಣ್ಯದಲ್ಲಿ ಸುಮಾರು 5.8 ಗ್ರಾಂ ಶುದ್ಧ ಚಿನ್ನ ಇರುತ್ತಿತ್ತು. ಅಂಥ 1,800 ನಾಣ್ಯ. ಅಂದ್ರೆ ಹತ್ತು ಕೆಜಿಗೂ ಜಾಸ್ತಿ ಚಿನ್ನ! ಆಗ ಕ್ಲಾಸು ಗಪ್‌ಚುಪ್.

ನನಗೆ ಮಾತ್ರ ಈ ಕಥೆಯಲ್ಲಿ ಪಾಪ ಅನ್ನಿಸುವುದು ಗಂಡ. ಶಿಕ್ಷಣ ಇಲಾಖೆಯ ಗುಮಾಸ್ತ. (ಮೊಪಾಸಾ ಕೂಡ ಅದೇ ಇಲಾಖೆಯಲ್ಲಿ ಕೆಲವು ಕಾಲ ಗುಮಾಸ್ತಿಕೆ ಮಾಡಿದವನು, ಆ ಕುರ್ಚಿಯ ಕಷ್ಟ ಗೊತ್ತಿತ್ತು.) ಭಾನುವಾರ ಗೆಳೆಯರ ಜೊತೆ ಹಕ್ಕಿ ಬೇಟೆಗೆ ಹೋಗಲು ಬಂದೂಕು ಕೊಳ್ಳೋಣ ಅಂತ 400 ಫ್ರಾಂಕ್ ಕೂಡಿಟ್ಟಿರುತ್ತಾನೆ. ಹೆಂಡತಿಯ ಹೊಸ ಉಡುಪಿಗೆ ಅಷ್ಟೂ ಹೋಗುತ್ತದೆ. ಆಮೇಲೆ ಅಪ್ಪ ಬಿಟ್ಟುಹೋದ 18,000 ಹೋಗುತ್ತದೆ, ಮಿಕ್ಕಿದ್ದಕ್ಕೆ ಕಂಡಕಂಡಲ್ಲಿ ಸಾಲ, ಸಂಜೆ ವ್ಯಾಪಾರಿಯೊಬ್ಬನ ಲೆಕ್ಕ ಬರೆಯುವ ಕೆಲಸ, ಎಷ್ಟೋ ರಾತ್ರಿ ಪುಟಕ್ಕೆ ಐದು ಸೂ ಪುಡಿಗಾಸಿಗೆ ನಕಲು ಬರೆಯುವುದು, ಹೀಗೆ ಹತ್ತು ವರ್ಷ.

ಯಾವ ಪಾಠದಲ್ಲೂ ಬಾಯಿ ಬಿಡದ ಹುಡುಗನೊಬ್ಬ ಕೈ ಎತ್ತಿದ. "ಸಾಲ ತೀರಿದ ಮೇಲಾದ್ರೂ ಬಂದೂಕು ತಗೊಂಡ್ನಾ ಸರ್?" ಎಲ್ಲರೂ ಕೊನೇ ಪುಟ ತಿರುವಿದರು. ಬಂದೂಕಿನ ಸುದ್ದಿಯೇ ಇಲ್ಲ. ಕೊನೇ ಭೇಟಿಯಲ್ಲಿ ಗಂಡನೂ ಇಲ್ಲ.

ಆಮೇಲಿನ ಟೆಸ್ಟಿನಲ್ಲಿ ಮಟಿಲ್ಡಾ ಹಾಳಾಗಲು ಕಾರಣವೇನು ಅನ್ನೋ ಮಾಮೂಲಿ ಪ್ರಶ್ನೆಗೆ ಅವನು ಬರೆದಿದ್ದ: ಫಾರೆಸ್ಟಿಯೇ ಬಾಯಿ ಬಿಡಲಿಲ್ಲ, ಹಾಳಾದದ್ದು ಮಟಿಲ್ಡಾ ಒಬ್ಬಳೇ ಅಲ್ಲ, ಅವಳ ಗಂಡನೂ. ಕ್ಲಾಸ್ ಟೆಸ್ಟ್ ಅಲ್ವಾ, ಪೂರ್ತಿ ಮಾರ್ಕ್ಸ್ ಕೊಟ್ಟೆ. ಬೋರ್ಡ್ ಪರೀಕ್ಷೆಯಲ್ಲಿ ಮಾತ್ರ ಗೈಡಿನಲ್ಲಿ ಇರೋದನ್ನೇ ಬರಿ ಮಾರಾಯಾ ಅಂತ ಕಿವಿಯಲ್ಲಿ ಹೇಳಿ ಕಳಿಸಿದೆ.