ಕ್ಲಾಸ್ 3 ಹಲ್ಲು

"ಇದನ್ನು ಕೀಳದೇ ಬಿಟ್ಟರೆ ನಾನು ಹೋಗಬೇಕಾಗಿಲ್ಲ, ಅಲ್ವಾ ಮ್ಯಾಮ್?"

ಕುರ್ಚಿಯಲ್ಲಿ ಮಲಗಿದ್ದ ಹುಡುಗ ಮೆಲ್ಲಗೆ ಕೇಳಿದ. ಅಸಿಸ್ಟೆಂಟ್ ಆ ಕಡೆ ಟ್ರೇ ಜೋಡಿಸುತ್ತಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ನನಗೆ ಕೇಳಿಸಿತು.

ನಾನು ಅಮೆರಿಕ ಸೈನ್ಯದಲ್ಲಿ ಹಲ್ಲಿನ ಡಾಕ್ಟರು. ಅವನು ಸೈನಿಕ, 20 ವರ್ಷ. ಬಲಗಡೆಯ ಕೆಳದವಡೆಯ ಬುದ್ಧಿಹಲ್ಲು ಅರ್ಧ ಹೊರಗೆ, ಅರ್ಧ ಒಸಡಿನ ಒಳಗೆ. ಸೋಮವಾರ ಬೆಳಿಗ್ಗೆ ಸಿಕ್ ಕಾಲ್‌ಗೆ, ಅಂದರೆ ಹುಷಾರಿಲ್ಲದ ಸೈನಿಕರನ್ನು ನೋಡುವ ಹೊತ್ತಿಗೆ, ಬಂದಾಗ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಊದಿದ ಒಸಡಿನ ಕೆಳಗೆಲ್ಲ ತೊಳೆದು, ಮಾತ್ರೆ ಕೊಟ್ಟು ಕಳಿಸಿದ್ದೆ. ಇವತ್ತು ಗುರುವಾರ. ಊತ ಇಳಿದಿತ್ತು. ಅವನ ತುಕಡಿ ಹೊರದೇಶಕ್ಕೆ ಹೊರಡಲು ಇನ್ನು ಒಂಬತ್ತು ದಿನ. ಅವನ ಹೆಂಡತಿಗೆ ಹೆರಿಗೆಯ ದಿನ ಕೊಟ್ಟಿದ್ದದ್ದು ಮೂರು ವಾರಕ್ಕೆ.

ನಮ್ಮಲ್ಲಿ ಪ್ರತಿ ಸೈನಿಕನ ಬಾಯಿಗೂ ಒಂದು ನಂಬರ್ ಇರುತ್ತದೆ. ಕ್ಲಾಸ್ 1 ಅಂದರೆ ಎಲ್ಲ ಸರಿ ಇದೆ. 2 ಅಂದರೆ ಸ್ವಲ್ಪ ಕೆಲಸ ಬಾಕಿ, ಆದರೆ ಮುಂದಿನ 12 ತಿಂಗಳು ತೊಂದರೆ ಕೊಡಲಿಕ್ಕಿಲ್ಲ. 3 ಅಂದರೆ ವರ್ಷದೊಳಗೆ ಯಾವತ್ತಾದರೂ ರಾತ್ರಿ ಎಬ್ಬಿಸಿ ಕೂರಿಸುವ ಹಲ್ಲು. 4 ಅಂದರೆ ತಪಾಸಣೆಯ ಅವಧಿಯೇ ಮೀರಿದೆ. 3 ಮತ್ತು 4ರವರನ್ನು ಸಾಮಾನ್ಯವಾಗಿ ಹೊರಗೆ ಕಳಿಸುವುದಿಲ್ಲ. ಮರಳುಗಾಡಿನ ನಡುವೆ ಒಬ್ಬನ ಹಲ್ಲು ಬಾತರೆ ಅವನನ್ನು ಸಾಗಿಸಲು ಒಂದು ಗಾಡಿ, ಕಾವಲಿಗೆ ನಾಲ್ಕು ಜನ ಬೇಕು. ಲೆಕ್ಕ ಸರಳ. ಸೋಮವಾರ ಇವನ ಹೆಸರಿನ ಮುಂದೆ 3 ಅಂತ ಬರೆದವಳು ನಾನೇ. ಅಂದಿನಿಂದ ಅವನ ಸಾರ್ಜೆಂಟ್ ಮೂರು ಸಲ ಫೋನ್ ಮಾಡಿದ್ದರು.

ನಾನು ಈ ಕುರ್ಚಿಯ ಪಕ್ಕ ಬಂದು ನಿಂತ ಕಥೆ ಹಣದ ಕಥೆ. ದೇಶಭಕ್ತಿ ಅಂತ ಹೇಳಿದರೆ ಚೆನ್ನಾಗಿ ಕೇಳಿಸುತ್ತೆ, ಆದರೆ ಸುಳ್ಳಾಗುತ್ತೆ.

ನಾವು ತಿಪಟೂರಿನ ಕಡೆಯವರು. ಅತ್ತೆ ಅರ್ಜಿ ಹಾಕಿ, ಎಷ್ಟೋ ವರ್ಷ ಕಾದು, ನನಗೆ 14 ಆದಾಗ ಅಮೆರಿಕಕ್ಕೆ ಬಂದೆವು. ಊರಲ್ಲಿ ಮೇಷ್ಟ್ರಾಗಿದ್ದ ಅಪ್ಪ ಇಲ್ಲಿ ಗೋದಾಮಿನಲ್ಲಿ ಡಬ್ಬ ಎಣಿಸುವ ಕೆಲಸಕ್ಕೆ ಸೇರಿದರು. ನನಗೆ ಡೆಂಟಲ್ ಸೀಟು ಸಿಕ್ಕಿದ ದಿನ ಮನೆಯಲ್ಲಿ ಪಾಯಸ ಆಯಿತು. ಮಾರನೇ ದಿನ ಫೀಸಿನ ಪಟ್ಟಿ ನೋಡಿ ಯಾರೂ ಮಾತಾಡಲಿಲ್ಲ. ಇಲ್ಲಿ ಸಾಲ ಮಾಡಿ ಓದಿದ ಹಲ್ಲಿನ ಡಾಕ್ಟರು ಹೊರಬರುವಾಗ ತಲೆ ಮೇಲೆ ಸರಾಸರಿ 3 ಲಕ್ಷ ಡಾಲರ್ ಆಸುಪಾಸು ಸಾಲ ಇರುತ್ತದೆ. ಅಪ್ಪ ಅದನ್ನು ರೂಪಾಯಿಗೆ ತಿರುಗಿಸಿ ನೋಡಿ, ಪೆನ್ನಿನ ಮುಚ್ಚಳ ಹಾಕಿ ಇಟ್ಟುಬಿಟ್ಟರು.

ಸೈನ್ಯದ ವಿದ್ಯಾರ್ಥಿವೇತನದ ವಿಷಯ ಹೇಳಿದ್ದು ಒಬ್ಬ ಸೀನಿಯರ್. ಎಚ್‌ಪಿಎಸ್‌ಪಿ ಅಂತ ಅದರ ಹೆಸರು. ಶುರುವಾದದ್ದು 1972ರಲ್ಲಿ. ಮರುವರ್ಷವೇ ಅಮೆರಿಕದಲ್ಲಿ ಕಡ್ಡಾಯ ಸೈನ್ಯಸೇವೆ ನಿಂತಿತು. ಡಾಕ್ಟರುಗಳನ್ನು ಹಿಡಿದು ತರುವ ಹಾಗಿಲ್ಲ ಅಂದ ಮೇಲೆ ಓದಿಸಿ ಕರೆತರಬೇಕಲ್ಲ! ಫೀಸು, ಪುಸ್ತಕ, ಉಪಕರಣ ಎಲ್ಲ ಅವರದ್ದೇ. ಕೈಖರ್ಚಿಗೆ ತಿಂಗಳಿಗೆ 2,000 ಡಾಲರಿಗೂ ಜಾಸ್ತಿ. ಸೇರುವಾಗ 20,000 ಡಾಲರ್ ಬೋನಸ್ ಬೇರೆ. ಬದಲಿಗೆ ಓದಿಸಿದ ಒಂದು ವರ್ಷಕ್ಕೆ ಒಂದು ವರ್ಷದಂತೆ ಸೇವೆ. ನನ್ನದು ನಾಲ್ಕಕ್ಕೆ ನಾಲ್ಕು. ಆಮೇಲೂ ಒಟ್ಟು ಎಂಟು ವರ್ಷ ತುಂಬುವವರೆಗೆ ಮೀಸಲು ಪಟ್ಟಿಯಲ್ಲಿ ಹೆಸರಿರುತ್ತದೆ, ಬೇಕಾದರೆ ಕರೆಯಬಹುದು.

ಅಪ್ಪ ಕರಾರುಪತ್ರವನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಎರಡು ರಾತ್ರಿ ಓದಿದರು. ಕೊನೆಗೆ, "ಇದು ಬಾಂಡು ಕಣಮ್ಮ. ನಮ್ಮ ಕಡೆ ಡಾಕ್ಟರುಗಳಿಗೆ ಹಳ್ಳಿಗೆ ಹೋಗಿ ಅಂತಾರಲ್ಲ, ಹಾಗೆ. ಹಳ್ಳಿ ಯಾವುದು ಅಂತ ಮಾತ್ರ ಇದರಲ್ಲಿ ಬರೆದಿಲ್ಲ" ಅಂದರು.

ಅಮ್ಮನ ತಕರಾರು ಬೇರೆ. "ನಮ್ಮ ಮನೇಲಿ ಹೋಂ ಗಾರ್ಡ್ ಆದವರೂ ಇಲ್ಲ. ನಾವೇನು ಕೊಡಗಿನವರಾ, ಮಿಲಿಟರಿಗೆ ಹೋಗೋಕೆ?"

ಈ ಯೋಜನೆಗೆ ಅಮೆರಿಕದ ಪೌರತ್ವ ಬೇಕು. ಅದು ನನಗೆ ಅಷ್ಟರಲ್ಲಿ ಬಂದಿತ್ತು. ಪೌರತ್ವದ ಪ್ರಮಾಣವಚನದಲ್ಲೇ ಒಂದು ಸಾಲಿದೆ, ಕಾನೂನು ಹೇಳಿದರೆ ದೇಶಕ್ಕಾಗಿ ಆಯುಧ ಹಿಡಿಯುತ್ತೇನೆ ಅಂತ. ಆವತ್ತು ಅಪ್ಪನೂ ನನ್ನ ಪಕ್ಕ ನಿಂತು ಕೈಯೆತ್ತಿ ಹೇಳಿದ್ದರು. ಮನೆಗೆ ವಾಪಸ್ ಬರುವಾಗ ಕಾರಲ್ಲಿ ಕೇಳಿದರು, "ನಿಜವಾಗ್ಲೂ ಹಿಡೀಬೇಕಾ?" ನಾವೆಲ್ಲ ನಕ್ಕಿದ್ದೆವು.

ಸೈನ್ಯದ ವೈದ್ಯಕೀಯ ತಪಾಸಣೆಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಗುರುತು ಪರಿಚಯವಿಲ್ಲದ ಹುಡುಗಿಯರ ಜೊತೆ ಒಳ ಉಡುಪಿನಲ್ಲಿ ಸಾಲಾಗಿ ಕುಕ್ಕರುಗಾಲಲ್ಲಿ ಬಾತುಕೋಳಿ ಹಾಗೆ ನಡೆದೆ. ಅಷ್ಟು ಸಾಕು. ಆಮೇಲೆ ಮತ್ತೆ ಬಲಗೈ ಎತ್ತಿ ಪ್ರಮಾಣ, ಆಮೇಲೆ ಸಹಿ. ಓದುವಾಗಲೇ ನಾನು ಕಾಗದದ ಮೇಲೆ ಸೆಕೆಂಡ್ ಲೆಫ್ಟಿನೆಂಟ್. ಡಿಗ್ರಿ ಕೈಗೆ ಬಂದ ಮೇಲೆ ಕ್ಯಾಪ್ಟನ್.

ತರಬೇತಿಗೆ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿರುವ ಫೋರ್ಟ್ ಸ್ಯಾಮ್ ಹ್ಯೂಸ್ಟನ್‌ಗೆ ಹೋದೆ. ರಾಯಚೂರಿನ ಬೇಸಿಗೆ ನೆನಪಾಯಿತು. ಪಕ್ಕದ ಕ್ಯಾಂಪ್ ಬುಲ್ಲಿಸ್‌ನ ಕುರುಚಲು ಕಾಡಲ್ಲಿ ಕೈಗೆ ದಿಕ್ಸೂಚಿ, ನಕ್ಷೆ ಕೊಟ್ಟು ಗುರುತಿನ ಕಂಬ ಹುಡುಕಲು ಬಿಡುತ್ತಿದ್ದರು. ನಾನು ಒಂದೇ ಕಂಬವನ್ನು ಎರಡು ಸಲ ಹುಡುಕಿದೆ. ಊಟದ ಪೊಟ್ಟಣದಲ್ಲಿ 24 ಬಗೆ, ಅದರಲ್ಲಿ ಸಸ್ಯಾಹಾರಿ ನಾಲ್ಕೇ. ನಮ್ಮ ಗುಂಪಿನಲ್ಲಿ ಅವು ಯಾರಿಗೂ ಬೇಡವಾಗಿದ್ದರಿಂದ ನನಗೆ ಎಂದೂ ಕೊರತೆಯಾಗಲಿಲ್ಲ.

ಆಮೇಲೆ ಈ ಕ್ಲಿನಿಕ್. ಕೆಲಸ ಇಷ್ಟವಾಯಿತು, ಅದನ್ನು ಹೇಳಲೇಬೇಕು. ಹಣ ಕೊಡಲಾಗದೆ ರೋಗಿ ಎದ್ದು ಹೋಗುವುದು ಇಲ್ಲಿಲ್ಲ. ಬೇಕಾದ ಚಿಕಿತ್ಸೆ ಮಾಡು, ಅಷ್ಟೇ. ಹುಡುಗರ ಬಾಯಿಯಂತೂ ಎನರ್ಜಿ ಡ್ರಿಂಕ್ ಕುಡಿದು ಕುಡಿದು ಹಾಳು. ಎಷ್ಟೋ ಜನ ಕೆಳತುಟಿಯ ಒಳಗೆ ಹೊಗೆಸೊಪ್ಪಿನ ಉಂಡೆ ಇಟ್ಟುಕೊಳ್ಳುತ್ತಾರೆ, ಡಿಪ್ ಅಂತಾರೆ. ಆ ವಾಸನೆ ಬಂದ ಕೂಡಲೇ ನನಗೆ ನಮ್ಮಜ್ಜಿಯ ಕಡ್ಡಿಪುಡಿ ನೆನಪು. ತುಟಿ ಮಡಿಚಿ ಬೆಳ್ಳಗೆ ಸುಕ್ಕುಗಟ್ಟಿದ ಜಾಗ ತೋರಿಸಿ ಬೈದರೆ, ಅಜ್ಜಿಯ ಹಾಗೇ ತಲೆಯಾಡಿಸಿ ಮತ್ತೆ ಅದನ್ನೇ ಮಾಡುತ್ತಾರೆ.

ಹಲ್ಲಿಗೂ ಸೈನ್ಯಕ್ಕೂ ನಂಟು ಹಳೆಯದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಮದ್ದಿನ ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿದು ಬಂದೂಕಿಗೆ ತುಂಬಬೇಕಿತ್ತು. ಹಾಗಾಗಿ ಮುಂದಿನ ಹಲ್ಲು ಇಲ್ಲದವನು ಸಿಪಾಯಿಯಾಗುವುದು ಕಷ್ಟ. ಡೆಂಟಲ್ ಕೋರ್ ಅಂತ ಪ್ರತ್ಯೇಕ ದಳ ಆದದ್ದು ಮಾತ್ರ 1911ರ ಮಾರ್ಚ್ 3ರಂದು.

ಹೊಸದಾಗಿ ಬಂದವರಿಗೆಲ್ಲ ಮೊದಲು ಇಡೀ ದವಡೆಯ ಎಕ್ಸ್‌ರೇ ತೆಗೆಯುತ್ತೇವೆ. ಗದ್ದ ಊರಿ, ಕಡ್ಡಿ ಕಚ್ಚಿ, ಅಲುಗಾಡದೆ ನಿಲ್ಲಬೇಕು. ಯಂತ್ರ ತಲೆಯ ಸುತ್ತ ಒಂದು ಸುತ್ತು ಬರುತ್ತದೆ. ಆ ಚಿತ್ರ ನನ್ನ ಚಿಕಿತ್ಸೆಗೆ ಮಾತ್ರ ಅಲ್ಲ. ಮುಖ ಗುರುತು ಸಿಗದ ಹಾಗಾದರೆ ಹೋಲಿಸಿ ನೋಡಲು. ಇದನ್ನು ನನಗೆ ತರಬೇತಿಯಲ್ಲಿ ಹೇಳಿದ್ದರು. ಹುಡುಗರಿಗೆ ನಾನು ಹೇಳುವುದಿಲ್ಲ. "ನಗಬೇಡ, ಅಲುಗಾಡಬೇಡ" ಅಂತ ಮಾತ್ರ ಹೇಳುತ್ತೇನೆ.

ಆ ಗುರುವಾರ ಪರದೆಯ ಮೇಲೆ ಇದ್ದದ್ದು ಇವನ ಅದೇ ಚಿತ್ರ.

ಅವನ ಪ್ರಶ್ನೆಗೆ ನಿಜವಾದ ಉತ್ತರ ಹೌದು. ಒಂದು ಸಾಲು ಬರೆದರೆ ಸಾಕಿತ್ತು: ಒಸಡು ಇನ್ನೂ ಪೂರ್ತಿ ಮಾಗಿಲ್ಲ, ಎರಡು ವಾರ ಬಿಟ್ಟು ನೋಡೋಣ. ಯಾರೂ ಪ್ರಶ್ನಿಸುತ್ತಿರಲಿಲ್ಲ. ಅವನು 3ರಲ್ಲೇ ಉಳಿಯುತ್ತಿದ್ದ, ಹಿಂದಿನಿಂದ ಹೋಗುತ್ತಿದ್ದ, ಮಗುವಿನ ಮುಖ ನೋಡುತ್ತಿದ್ದ. ಅವನ ಜಾಗಕ್ಕೆ ಇನ್ನೊಬ್ಬ ಹೋಗುತ್ತಿದ್ದ. ಆ ಇನ್ನೊಬ್ಬನ ಮನೆಯಲ್ಲಿ ಏನಿದೆಯೋ ನನಗೇನು ಗೊತ್ತು?

ಹೊರಗಿನ ಯಾವ ಕ್ಲಿನಿಕ್‌ಗೆ ಹೋದರೂ ಆ ಹಲ್ಲು ಕೀಳಿ ಅಂತಲೇ ಹೇಳುತ್ತಿದ್ದರು. ಆದರೆ ಅಲ್ಲಿ ದಿನ ಆರಿಸುವವನು ರೋಗಿ. ಹಲ್ಲು ಕೀಳಬೇಕಾದದ್ದು ನಿಜ. ಇವತ್ತೇ ಕೀಳಬೇಕಾಗಿ ಬಂದದ್ದು ಮಾತ್ರ ಹಲ್ಲಿನ ಕಾರಣಕ್ಕಲ್ಲ.

ಕುರ್ಚಿ ಎತ್ತಿ ಅವನನ್ನು ಕೂರಿಸಿದೆ. "ಬೇಡ ಅನ್ನುವ ಹಕ್ಕು ನಿನಗಿದೆ. ಬೇಡ ಅಂದರೆ 3 ಅಂತಲೇ ಇರುತ್ತೆ. ಆಮೇಲಿನದು ನೀನು, ನಿನ್ನ ಕಮಾಂಡರ್. ಹಲ್ಲಂತೂ ಮತ್ತೆ ಊದುತ್ತೆ, ಅದು ಸುಳ್ಳಲ್ಲ" ಅಂದೆ. ಒಪ್ಪಿಗೆಯ ಕಾಗದವನ್ನು ಅವನ ತೊಡೆಯ ಮೇಲಿಟ್ಟೆ.

ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತ. "ನೀವು ಯಾಕೆ ಸೇರಿದಿರಿ ಮ್ಯಾಮ್?"

"ಕಾಲೇಜು ಫೀಸಿಗೆ."

"ನಾನು ಇದು ಮುಗಿಸಿ ಕಾಲೇಜಿಗೆ ಹೋಗೋಣ ಅಂತ" ಅಂದ. ಸಹಿ ಹಾಕಿ ಪೆನ್ನು ವಾಪಸ್ ಕೊಟ್ಟ.

ಮುಕ್ಕಾಲು ಗಂಟೆ ಹಿಡಿಯಿತು. ಬೇರು ಕೊಕ್ಕೆಯ ಹಾಗೆ ಬಾಗಿತ್ತು. ಹಲ್ಲನ್ನು ಎರಡು ಹೋಳು ಮಾಡಬೇಕಾಯಿತು. ಹಲ್ಲು ಕೀಳುವುದು ಬಲದ ಕೆಲಸ ಅಂದುಕೊಳ್ಳುತ್ತಾರೆ, ಅಲ್ಲ. ನಮ್ಮ ತೋಟದಲ್ಲಿ ನೆಟ್ಟ ಹಾರೆಗೆ ತೆಂಗಿನಕಾಯಿ ಚುಚ್ಚಿ ಸಿಪ್ಪೆ ಸುಲಿಯುವಾಗ ತಾತ ಹೇಳುತ್ತಿದ್ದರು, ಎಳೀಬೇಡ, ತಿರುಗಿಸು ಅಂತ. ಡೆಂಟಲ್ ಸ್ಕೂಲಿನ ನಾಲ್ಕು ವರ್ಷದಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಕೊಡಲಿಲ್ಲ. ಎರಡನೇ ಹೋಳು ಸಡಿಲವಾದಾಗ ಅವನ ಕಣ್ಣಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು. "ನೋವಾ?" ಅಂದೆ. ಇಲ್ಲ ಅಂತ ಕೈಯಾಡಿಸಿದ. ಜೋಮು ಸರಿಯಾಗೇ ಹಿಡಿದಿತ್ತು, ನನಗೆ ಗೊತ್ತಿತ್ತು.

ಹೊಲಿಗೆ ಹಾಕಿ, ಬಟ್ಟೆ ಕಚ್ಚಿಸಿ, ಐಸ್ ಇಟ್ಟುಕೊಳ್ಳಲು ಹೇಳಿದೆ. ಹೋಗುವಾಗ ಹಲ್ಲು ಬೇಕಾ ಅಂತ ಕೇಳಿದೆ. ಬೇಕು ಅಂತ ತಲೆಯಾಡಿಸಿದ. ಎರಡೂ ಹೋಳನ್ನು ತೊಳೆದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಆಮೇಲೆ ಕಂಪ್ಯೂಟರಿನಲ್ಲಿ 3 ಅಳಿಸಿ 2 ಒತ್ತಿದೆ. ಒಂದು ವಾರ ಬಿಟ್ಟು ಹೊಲಿಗೆ ನೋಡಿದಾಗ ಚೆನ್ನಾಗಿ ಮಾಗಿತ್ತು. ವಯಸ್ಸಿನ ಹುಡುಗ.

ಹಲ್ಲು ಕಿತ್ತ ಆ ಗುರುವಾರ ಸಂಜೆ ಎಂದಿನಂತೆ ಅಮ್ಮ ಫೋನ್ ಮಾಡಿದ್ದರು. ಎಂದಿನಂತೆ ಅದೇ ಪ್ರಶ್ನೆ.

"ಇವತ್ತು ಎಷ್ಟು ಹಲ್ಲು ಕಿತ್ತೆ?"

"ಒಂದು."

"ಇಡೀ ದಿನಕ್ಕೆ ಒಂದೇನಾ? ಅದಕ್ಕೆ ಸಂಬಳ ಬೇರೆ ಕೊಡ್ತಾರಾ ನಿಂಗೆ?"