ಫ್ಲೋರಾ ಫೌಂಟನ್ ಫುಟ್‌ಪಾತಿನಲ್ಲಿ ಒಬ್ಬ ದೊರೆ

ಹೋದ ಜುಲೈನಲ್ಲಿ ಮಾವನನ್ನು ಪೆನ್ಷನ್ ಕೆಲಸಕ್ಕೆಂದು ಮುಂಬಯಿಯ ಫೋರ್ಟ್‌ಗೆ ಕರೆದುಕೊಂಡು ಹೋಗಿದ್ದೆ. ಕೆಲಸ ಆಗಲಿಲ್ಲ, ಬಿಡಿ. ವಾಪಸ್ ಬರುವಾಗ ಮಳೆ ಹಿಡಿದುಕೊಂಡಿತು. ಫ್ಲೋರಾ ಫೌಂಟನ್ ಹತ್ತಿರದ ಹಳೆ ಪುಸ್ತಕದವನ ಟಾರ್ಪಾಲಿನ ಕೆಳಗೆ ನಿಂತೆವು.

ಸುಮ್ನೆ ನಿಲ್ಲುವುದು ಮಾವನಿಗೆ ಬರುವುದಿಲ್ಲ. ದಪ್ಪದೊಂದು ಚಿತ್ರಗಳ ಪುಸ್ತಕ ಬಿಡಿಸಿದರು. ಸಿಕ್ಕಿದ್ದು ರಷ್ಯಾದ ಇಲ್ಯಾ ರೆಪಿನ್ 1885ರಲ್ಲಿ ಮುಗಿಸಿದ ಚಿತ್ರ. ದೊರೆ ಇವಾನ್ ಸಿಟ್ಟಿನಲ್ಲಿ ಮಗನ ತಲೆಗೆ ಹೊಡೆದುಬಿಟ್ಟಿದ್ದಾನೆ. ಈಗ ನೆಲಕ್ಕೆ ಕುಸಿದು ಅವನನ್ನೇ ತಬ್ಬಿಕೊಂಡಿದ್ದಾನೆ. ಕುರ್ಚಿ ಮಗುಚಿದೆ, ಜಮಖಾನ ಮುದುಡಿದೆ, ಹೊಡೆದ ಕೋಲು ಅಲ್ಲೇ ಬಿದ್ದಿದೆ.

ಮಾವ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಕೈ ನೋಡು ಮಾರಾಯ."

ಒಂದು ಕೈ ಮಗನ ಗಾಯವನ್ನು ಒತ್ತಿ ಹಿಡಿದಿದೆ. ಬೆರಳ ಸಂದಿಯಲ್ಲಿ ರಕ್ತ.

"ರಕ್ತ ನಿಲ್ಲಿಸ್ಲಿಕ್ಕೆ ನೋಡ್ತಿದ್ದಾನೆ. ವೈದ್ಯರನ್ನು ಕರೀರಿ ಅಂತ ಅಪ್ಪಣೆ ಕೊಡ್ಲಿಕ್ಕೂ ನೆನಪಿಲ್ಲ ಅವನಿಗೆ."

ಮಾವ ಒಂದು ಕಾಲದಲ್ಲಿ ವಾರವಿಡೀ ಗುಮಾಸ್ತೆ, ಭಾನುವಾರ ಮಾಟುಂಗಾದ ಯಕ್ಷಗಾನದಲ್ಲಿ ಕೌರವ. ಕಿರೀಟ ಬಿಗಿದ ಗೆರೆ ಸೋಮವಾರವೂ ಹಣೆಯ ಮೇಲೆ ಇರುತ್ತಿತ್ತು. "ನಾವು ಅಳುವುದಾದ್ರೂ ಕಿರೀಟ ಇಟ್ಕೊಂಡೇ. ಇವನದ್ದು ಚೌಕಿಯೊಳಗಿನ ಮುಖ" ಅಂದರು. ಚೌಕಿ ಅಂದರೆ ವೇಷ ಕಟ್ಟುವ, ಕಳಚುವ ಕೋಣೆ.

ಮೊಬೈಲಿನಲ್ಲಿ ಅವನೀಂದ್ರನಾಥ ಠಾಕೂರರ ಷಹಜಹಾನನನ್ನು ತೋರಿಸಿದೆ. 1902ರದ್ದು. ಆಗ್ರಾ ಕೋಟೆಯಲ್ಲಿ ಮಗನೇ ಸೆರೆಯಿಟ್ಟ ಮುದುಕ, ಮಲಗಿದಲ್ಲಿಂದಲೇ ದೂರದ ತಾಜ್ ಕಡೆ ನೋಡುತ್ತಿದ್ದಾನೆ. ಕಾಲಬುಡದಲ್ಲಿ ಮಗಳು ಜಹನಾರಾ. ಠಾಕೂರರು ಪ್ಲೇಗಿನಲ್ಲಿ ತಮ್ಮ ಮಗಳನ್ನು ಕಳೆದುಕೊಂಡ ಹೊತ್ತಿನ ಚಿತ್ರ ಅದು. ನನಗೆ ಇದೇ ಜಾಸ್ತಿ ಇಷ್ಟ. ಮಾವ ಒಪ್ಪಲಿಲ್ಲ.

"ಇವನು ಚಂದ ಸಾಯ್ತಿದ್ದಾನೆ. ಅವನಿಗೆ ಅಳ್ಲಿಕ್ಕೂ ಪುರುಸೊತ್ತಿಲ್ಲ, ಅಲ್ವಾ?"

ರೆಪಿನ್ ಚಿತ್ರವನ್ನು ಆಗಿನ ತ್ಸಾರ್ ಮೂರನೇ ಅಲೆಕ್ಸಾಂಡರ್ ಕೆಲವು ತಿಂಗಳು ಜನರಿಗೆ ತೋರಿಸಲೇ ಬಿಡಲಿಲ್ಲ. 1913ರಲ್ಲಿ ಒಬ್ಬ ಚಾಕು ತಂದು ಆ ಮುಖಗಳನ್ನೇ ಸೀಳಿದ. 2018ರಲ್ಲಿ ಇನ್ನೊಬ್ಬ ಲೋಹದ ಕಂಬ ಬೀಸಿದ. ಇದನ್ನೆಲ್ಲ ಹೇಳಿದರೆ ಮಾವನಿಗೆ ನಗು. "ನನ್ನ ಕೌರವನಿಗೂ ಒಮ್ಮೆ ಚಪ್ಪಲಿ ಬಿದ್ದಿತ್ತು, ಗೊತ್ತುಂಟಾ?"

ಪುಸ್ತಕದವ ಎಂಟುನೂರು ಅಂದ. ಮಾವ ಕೌರವನ ಗತ್ತಿನಲ್ಲೇ ಮುನ್ನೂರು ಅಂದರು. ನಾನೂರಕ್ಕೆ ಬಂತು. ಮಳೆ ನಿಂತಿರಲಿಲ್ಲ. ಪೆನ್ಷನ್ ಕಾಗದ ನೆನೆಯಬಾರದು ಅಂತ ಅದನ್ನು ಇವಾನನ ಪುಟದೊಳಗೇ ಇಟ್ಟು, ಪುಸ್ತಕವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡರು.