ಐರ್ಲೆಂಡಿನ ಹಳೆಯ ಪುರಸಭೆ ದಾಖಲೆ ನೋಡಲು ಹೋಗುವವರಿಗೆ

ಐರ್ಲೆಂಡಿನ ಸಣ್ಣ ಊರುಗಳಲ್ಲಿ ಇವತ್ತು ಪುರಸಭೆಯೇ ಇಲ್ಲ. 2014ರಲ್ಲಿ 80 ಟೌನ್ ಕೌನ್ಸಿಲ್‌ಗಳನ್ನು ಒಂದೇ ಕಾಯ್ದೆಯಲ್ಲಿ ರದ್ದು ಮಾಡಿ ಕೌಂಟಿ, ಅಂದರೆ ಜಿಲ್ಲಾ ಮಟ್ಟದ, ಕೌನ್ಸಿಲ್‌ಗಳಿಗೆ ಸೇರಿಸಿಬಿಟ್ಟರು. ಪುರಸಭೆಯಲ್ಲೇ ನೌಕರಿ ಮಾಡಿ ನಿವೃತ್ತನಾದ ನನಗೆ ಇದನ್ನು ನಂಬುವುದಕ್ಕೇ ಸ್ವಲ್ಪ ಹೊತ್ತು ಬೇಕಾಯಿತು. ಮಗಳು ಡಬ್ಲಿನ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ 19ನೇ ಶತಮಾನದ ನಡಾವಳಿ ಪುಸ್ತಕಗಳನ್ನು, ಅಂದರೆ ಸಭೆಗಳ ತೀರ್ಮಾನ ಬರೆದಿಟ್ಟ ಪುಸ್ತಕಗಳನ್ನು, ಕಣ್ಣಾರೆ ನೋಡಿ ಬರಬೇಕು ಅಂತ ಮೊದಲಿಂದಲೂ ಆಸೆ ಇತ್ತು. ಕಚೇರಿಗಳೇ ಇಲ್ಲದ ಮೇಲೆ ಪುಸ್ತಕಗಳು ಎಲ್ಲಿ ಸೇರಿದವು ಅನ್ನೋದೇ ಮೊದಲ ಪ್ರಶ್ನೆ. ಮಕ್ಕಳನ್ನು ನೋಡಲು ಆ ಕಡೆ ಹೋಗುವವರು, ಇತಿಹಾಸ ಓದುವ ಹುಡುಗರು, ನನ್ನ ಹಾಗೆ ಕಡತದ ಹುಚ್ಚು ಇರುವವರು ಯಾರಾದರೂ ಇದ್ದರೆ ಅವರಿಗೆ ಅನುಕೂಲವಾಗಲಿ ಅಂತ ಬರೆಯುತ್ತಿದ್ದೇನೆ.

ಮುಖ್ಯವಾದ ಮಾತು ಮೊದಲೇ ಹೇಳಿಬಿಡುತ್ತೇನೆ. ಸಮಯವನ್ನೆಲ್ಲ ಡಬ್ಲಿನ್‌ನಲ್ಲೇ ಕಳೆಯಬೇಡಿ. ರಾಜಧಾನಿಯಲ್ಲೇ ಎಲ್ಲ ಇರುತ್ತೆ ಅಂತ ನಮಗೆ ಅನಿಸೋದು ಸಹಜ. ಆದರೆ ಅಲ್ಲಿದ್ದದ್ದು ಎರಡು ಬೆಂಕಿಗೆ ಹೋಯಿತು. 1921ರ ಮೇ 25ರಂದು ಕಸ್ಟಮ್ ಹೌಸ್ ಸುಟ್ಟಿತು. ದೇಶದ ಸ್ಥಳೀಯ ಸಂಸ್ಥೆಗಳ ಮೇಲ್ವಿಚಾರಣೆ ಮಾಡುತ್ತಿದ್ದ ಲೋಕಲ್ ಗವರ್ನಮೆಂಟ್ ಬೋರ್ಡ್ ಇದ್ದದ್ದು ಅಲ್ಲೇ. ಮುಂದಿನ ವರ್ಷ, 1922ರ ಜೂನ್ 30ರಂದು, ಅಂತರ್ಯುದ್ಧದಲ್ಲಿ ಫೋರ್ ಕೋರ್ಟ್ಸ್ ಆವರಣದ ಪಬ್ಲಿಕ್ ರೆಕಾರ್ಡ್ ಆಫೀಸ್ ಹೋಯಿತು. ಸುಮಾರು 700 ವರ್ಷಗಳ ದಾಖಲೆ ಒಂದೇ ದಿನದಲ್ಲಿ ಬೂದಿ. ಹಾಗಾಗಿ ಐರ್ಲೆಂಡಿನಲ್ಲಿ ಹಳೆಯದೇನೂ ಉಳಿದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ.

ಆದರೆ ಊರೂರಿನ ನಡಾವಳಿ ಪುಸ್ತಕಗಳು ಡಬ್ಲಿನ್‌ಗೆ ಹೋಗಿರಲೇ ಇಲ್ಲ. ಆಯಾ ಊರಿನ ಕಪಾಟಿನಲ್ಲೇ ಧೂಳು ತಿನ್ನುತ್ತ ಬಿದ್ದಿದ್ದವು. ಅದಕ್ಕೇ ಬದುಕಿಕೊಂಡವು. ಈಗ ಅವು ಹೆಚ್ಚಾಗಿ ಕೌಂಟಿ ಆರ್ಕೈವ್‌ಗಳಲ್ಲಿವೆ, ಅಂದರೆ ಹಳೆಯ ದಾಖಲೆ ಕಾಪಾಡುವ ಕಚೇರಿಗಳಲ್ಲಿ. ನೋಡಲು ಎಲ್ಲಿಯೂ ನನ್ನಿಂದ ಒಂದು ಪೈಸೆ ಕೇಳಲಿಲ್ಲ.

ಡಬ್ಲಿನ್‌ನಲ್ಲಿ ಒಂದು ಜಾಗ ಮಾತ್ರ ಬಿಡಬೇಡಿ. ಪಿಯರ್ಸ್ ಸ್ಟ್ರೀಟ್‌ನಲ್ಲಿರುವ ಸಿಟಿ ಲೈಬ್ರರಿ ಮತ್ತು ಆರ್ಕೈವ್. ನಗರದ ಅಂಚಿನಲ್ಲಿದ್ದು, ಆಮೇಲೆ ಡಬ್ಲಿನ್ ನಗರ ನುಂಗಿಕೊಂಡ ರಾಥ್‌ಮೈನ್ಸ್, ಪೆಂಬ್ರೋಕ್ ಟೌನ್‌ಶಿಪ್‌ಗಳ ದಾಖಲೆ ಅಲ್ಲಿವೆ. ಬೆಂಗಳೂರಿನ ಸುತ್ತಲಿನ ನಗರಸಭೆಗಳನ್ನು ಮಹಾನಗರ ಪಾಲಿಕೆ ನುಂಗಿದ ಕಾಲದಲ್ಲಿ ಕೆಲಸ ಮಾಡಿದವರಿಗೆ ಆ ಕಥೆ ಬೇಗ ಅರ್ಥವಾಗುತ್ತೆ.

ಹೋಗುವ ಮುಂಚೆ ಮೂರು ಕಾಯ್ದೆ ತಿಳಿದಿದ್ದರೆ ಸಾಕು, ಯಾವ ಪುಸ್ತಕ ಕೇಳಬೇಕು ಅನ್ನೋದು ಗೊತ್ತಾಗುತ್ತೆ. 1838ರ ಪೂರ್ ಲಾ, ಅಂದರೆ ಬಡವರ ಪರಿಹಾರದ ಕಾಯ್ದೆ, ಬಂದ ಮೇಲೆ ಅದನ್ನು ನಡೆಸಲು ದೇಶವನ್ನು 130 ಯೂನಿಯನ್‌ಗಳಾಗಿ ಹಂಚಿದರು. ಆಮೇಲೆ ಅದು 163 ಆಯಿತು. ಪ್ರತಿ ಯೂನಿಯನ್‌ಗೂ ಬಡವರನ್ನು ಇಡುವ ಒಂದು ವರ್ಕ್‌ಹೌಸ್, ಅದನ್ನು ನಡೆಸಲು ಬೋರ್ಡ್ ಆಫ್ ಗಾರ್ಡಿಯನ್ಸ್. 1840ರ ಮುನಿಸಿಪಲ್ ಕಾಯ್ದೆ 58 ಹಳೆಯ ಕಾರ್ಪೊರೇಷನ್‌ಗಳನ್ನು ಕಿತ್ತುಹಾಕಿ ಹತ್ತನ್ನು ಮಾತ್ರ ಉಳಿಸಿತು. ಅದರ ಮರುವರ್ಷವೇ ಐರಿಷ್ ಜನನಾಯಕ ಡೇನಿಯಲ್ ಓಕಾನಲ್ ಡಬ್ಲಿನ್‌ನ ಲಾರ್ಡ್ ಮೇಯರ್ ಆದದ್ದು. ಮೂರನೆಯದು 1854ರ ಟೌನ್ಸ್ ಇಂಪ್ರೂವ್‌ಮೆಂಟ್ ಕಾಯ್ದೆ. ಬೀದಿದೀಪ, ಚರಂಡಿ, ನೀರು, ಕಸ ನೋಡಿಕೊಳ್ಳುವ ಟೌನ್ ಕಮಿಷನರ್‌ಗಳು ಬಹಳ ಊರುಗಳಿಗೆ ಬಂದದ್ದು ಇದರಿಂದ. ನಮ್ಮ ಬೆಂಗಳೂರಿನ ಪೇಟೆಗೂ ದಂಡಿಗೂ 1862ರಲ್ಲಿ ಮುನಿಸಿಪಲ್ ಬೋರ್ಡ್ ಬಂದದ್ದು ಇಂಥದೇ ಹೆಸರಿನ, 1850ರ ಪಟ್ಟಣ ಸುಧಾರಣಾ ಕಾಯ್ದೆಯಿಂದ. ಒಂದೇ ಸರ್ಕಾರ ಎರಡೂ ಕಡೆ ಒಂದೇ ಥರ ಯೋಚನೆ ಮಾಡಿದೆ, ಅಲ್ವಾ?

ಈಗ ದಕ್ಷಿಣದ ಕಾರ್ಕ್ ನಗರದ ವಿಷಯ. ನೀವು ಒಂದೇ ಕಡೆ ಹೋಗುವುದಾದರೆ ಇಲ್ಲಿಗೆ ಹೋಗಿ. ಆದರೆ ಅಕ್ಟೋಬರ್ ಕೊನೆಯ ವಾರಾಂತ್ಯದಲ್ಲಿ ಮಾತ್ರ ಬೇಡವೇ ಬೇಡ. ಆಗ ಅಲ್ಲಿ ಜಾಝ್ ಹಬ್ಬ, ಸೋಮವಾರ ಸರ್ಕಾರಿ ರಜೆ. ಒಂದು ಪಬ್ಬಿನ ಮೇಲಿನ ಕೋಣೆಗೆ ನನ್ನಿಂದ ರಾತ್ರಿಗೆ 190 ಯೂರೋ ತೆಗೆದುಕೊಂಡರು. ಹಿಂದಿನ ವಾರ ಅದೇ ಕೋಣೆಗೆ ಅರ್ಧಕ್ಕಿಂತ ಕಡಿಮೆ ಇತ್ತಂತೆ. ಕಿಟಕಿ ಪೂರ್ತಿ ಮುಚ್ಚುತ್ತಿರಲಿಲ್ಲ. ಕೆಳಗಿನ ವಾದ್ಯದ ಸದ್ದಿಗೆ ಮಂಚದ ಪಕ್ಕದ ಲೋಟ ನಡುಗುತ್ತಿತ್ತು. ಬಿಸಿನೀರು ಬೆಳಿಗ್ಗೆ ಒಂದು ಗಂಟೆ ಮಾತ್ರ ಅಂತ ಚೀಟಿ ಬೇರೆ ಅಂಟಿಸಿದ್ದರು. ಬುಕ್ ಮಾಡುವಾಗ ಈ ಯಾವುದನ್ನೂ ಹೇಳಿರಲಿಲ್ಲ. ಗದ್ದಲ ನನಗೆ ಆಗೋದಿಲ್ಲ, ಒಪ್ಪಿದೆ. ಆದರೆ ಆ ದುಡ್ಡಿಗೆ ಅದು ಅನ್ಯಾಯವೇ. ಊರಿನ ಉತ್ತರ ಭಾಗದಲ್ಲಿ, ಮನೆಯವರೇ ನಡೆಸುವ ಸಣ್ಣ ಬಿ ಆ್ಯಂಡ್ ಬಿ (ಕೋಣೆ, ಬೆಳಗಿನ ತಿಂಡಿ ಕೊಡುವ ಮನೆ) ಹುಡುಕಿ. ಆರ್ಕೈವ್‌ಗೂ ಹತ್ತಿರವಾಗುತ್ತೆ.

ಕಾರ್ಕ್ ಸಿಟಿ ಆ್ಯಂಡ್ ಕೌಂಟಿ ಆರ್ಕೈವ್ಸ್ ಇರುವುದು ಬ್ಲ್ಯಾಕ್‌ಪೂಲ್‌ನಲ್ಲಿ, ಗ್ರೇಟ್ ವಿಲಿಯಂ ಓಬ್ರಿಯನ್ ಸ್ಟ್ರೀಟ್ ಮೇಲೆ. ಊರ ನಡುವಿನಿಂದ ನಡೆದೇ ಹೋಗಬಹುದು. ಮೊದಲೇ ಇಮೇಲ್ ಬರೆದು ಸಮಯ ಗೊತ್ತು ಮಾಡಿಕೊಳ್ಳದೆ ಹೋದರೆ ಬಾಗಿಲಿಂದಲೇ ವಾಪಸ್ ಬರಬೇಕಾಗುತ್ತೆ. ಇಮೇಲ್‌ನಲ್ಲಿ "ಹಳೆಯ ದಾಖಲೆ ನೋಡಬೇಕು" ಅಂತ ಸುಮ್ನೆ ಬರೆಯಬೇಡಿ. ಯಾವ ಊರು, ಯಾವ ಬೋರ್ಡು, ಯಾವ ವರ್ಷ ಅಂತ ಬರೆಯಿರಿ. ಅವರ ವೆಬ್‌ಸೈಟಿನಲ್ಲಿ ಪಟ್ಟಿಗಳಿವೆ, ನೋಡಿಕೊಂಡೇ ಬರೆಯಬಹುದು.

ಒಳಗೆ ಪೆನ್ನು ಬಿಡೋದಿಲ್ಲ, ಪೆನ್ಸಿಲ್ ಮಾತ್ರ. ಬ್ಯಾಗು, ನೀರಿನ ಬಾಟಲಿ ಹೊರಗೆ. ಪುಸ್ತಕವನ್ನು ಮೆತ್ತನೆ ಫೋಮಿನ ಮೇಲೆ ಇಟ್ಟು ಕೊಡುತ್ತಾರೆ. ಹಾಳೆ ಮಗುಚದ ಹಾಗೆ ಮೇಲೆ ಇಡಲು ಮಣಿ ತುಂಬಿದ ಬಟ್ಟೆಯ ದಾರ. ನಮ್ಮ ರೆಕಾರ್ಡ್ ರೂಮಿನಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಎಸೆದ ನಡಾವಳಿಗಳು ನೆನಪಾಗಿ ನನಗೆ ಹೊಟ್ಟೆ ಉರಿಯಿತು.

ನಾನು ಕೇಳಿದ್ದು ಕಾರ್ಕ್ ಯೂನಿಯನ್ ಗಾರ್ಡಿಯನ್‌ಗಳ 1840ರ ದಶಕದ ಮಹಾಕ್ಷಾಮದ ಕಾಲದ ಸಂಪುಟ. ಎರಡು ಕೈಯಲ್ಲಿ ಎತ್ತುವಷ್ಟು ಭಾರ. ಬೋರ್ಡು ವಾರಕ್ಕೊಮ್ಮೆ ಸೇರುತ್ತಿತ್ತು. ಪ್ರತಿ ಸಭೆಯ ದಾಖಲೆಯಲ್ಲೂ ಒಂದು ಅಚ್ಚು ಹಾಕಿದ ನಮೂನೆ ಇದೆ. ಹಿಂದಿನ ಶನಿವಾರ ವರ್ಕ್‌ಹೌಸಿನ ಒಳಗಿದ್ದವರು, ಈ ವಾರ ಸೇರಿದವರು, ಹುಟ್ಟಿದವರು, ಬಿಟ್ಟು ಹೋದವರು, ಸತ್ತವರು, ಈ ಶನಿವಾರ ಉಳಿದವರು. ಗಂಡಸರು, ಹೆಂಗಸರು, ಮಕ್ಕಳು ಬೇರೆ ಬೇರೆ. ನಮ್ಮ ನಗದು ಪುಸ್ತಕದಲ್ಲಿ ಆರಂಭ ಶಿಲ್ಕು, ಜಮಾ, ಖರ್ಚು, ಅಖೈರು ಶಿಲ್ಕು ಬರೆಯುವ ಹಾಗೆ ಅಲ್ಲಿ ಮನುಷ್ಯರನ್ನು ಬರೆದಿದ್ದಾರೆ. 1847ರ ಮೊದಲ ತಿಂಗಳುಗಳಿಗೆ ಬಂದರೆ "ಸತ್ತವರು" ಕಾಲಂ ವಾರದಿಂದ ವಾರಕ್ಕೆ ಏರುತ್ತೆ. ಗುಮಾಸ್ತನ ಕೈಬರಹ ಮಾತ್ರ ಬದಲಾಗೋದಿಲ್ಲ. ಅದೇ ಓರೆ, ಅದೇ ದುಂಡು. ಕೂಡಿಸಿದ ಲೆಕ್ಕದ ಪಕ್ಕ ಸಣ್ಣ ತಾಳೆ ಗುರುತು. ಮುಂದಕ್ಕೆ ತಿರುವಿದರೆ ಟೆಂಡರ್ ದರಗಳು. ಹಾಲು, ಬ್ರೆಡ್ಡು, ಮೆಕ್ಕೆಜೋಳದ ಹಿಟ್ಟು, ಹುಲ್ಲು, ಶವಪೆಟ್ಟಿಗೆ. ಇಷ್ಟು ವರ್ಷ ನಾನೂ ಟೆಂಡರ್ ಪಟ್ಟಿ ಬರೆದವನು. ಆ ಪುಟ ಬಿಟ್ಟು ಮುಂದೆ ಹೋಗಲಿಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು.

ಒಂದು ಸೂಚನೆ. ನಡಾವಳಿಯಲ್ಲಿ ಠರಾವು ಮಾತ್ರ ಇರುತ್ತೆ, ಜಗಳ ಇರೋದಿಲ್ಲ. ಎಲ್ಲ ದೇಶದ ಗುಮಾಸ್ತರೂ ಹಾಗೇ ಬರೆಯೋದು. ಯಾರು ಯಾರನ್ನು ಬೈದರು, ತೆರಿಗೆ ಏರಿಸೋದು ಬೇಡ ಅಂತ ಹಠ ಹಿಡಿದವರು ಯಾರು ಅನ್ನೋದು ಬೇಕಾದರೆ ಅದೇ ವಾರದ ಪತ್ರಿಕೆ ನೋಡಬೇಕು. ಕಾರ್ಕ್ ಎಕ್ಸಾಮಿನರ್ 1841ರಲ್ಲೇ ಶುರುವಾಗಿತ್ತು. ಗ್ರ್ಯಾಂಡ್ ಪೆರೇಡ್‌ನ ನಗರ ಗ್ರಂಥಾಲಯದ ಸ್ಥಳೀಯ ಇತಿಹಾಸ ವಿಭಾಗದಲ್ಲಿ ಹಳೆಯ ಪತ್ರಿಕೆಗಳ ಮೈಕ್ರೋಫಿಲ್ಮ್ ಇದೆ. ನಡಾವಳಿಯ ತಾರೀಖು ಬರೆದಿಟ್ಟುಕೊಂಡು ಅಲ್ಲಿಗೆ ಹೋಗಿ. ಎರಡನ್ನೂ ಜೋಡಿಸಿ ಓದಿದಾಗಲೇ ಸಭೆಯ ಕೋಣೆ ಕಣ್ಣ ಮುಂದೆ ಬರೋದು. ಇನ್ನೊಂದು. ಕ್ಷಾಮದ ವೇಳೆ ಹಲವು ಬೋರ್ಡುಗಳನ್ನು ಮೇಲಿನವರು ವಿಸರ್ಜಿಸಿ ಸಂಬಳದ ವೈಸ್ ಗಾರ್ಡಿಯನ್‌ಗಳನ್ನು ಕೂರಿಸಿದರು. ನಾವು ಸೂಪರ್‌ಸೀಡ್ ಅಂತೀವಲ್ಲ, ಅದೇ. ನಿಮ್ಮ ಯೂನಿಯನ್‌ನಲ್ಲಿ ಹಾಗಾಗಿದ್ದರೆ ಅದರ ಹಿಂದಿನ ಮತ್ತು ನಂತರದ ಸಂಪುಟ ಎರಡನ್ನೂ ಕೇಳಿ.

ಊಟದ ಬಗ್ಗೆ ಹೇಳಲೇಬೇಕು. ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ಬ್ಲ್ಯಾಕ್‌ಪೂಲ್‌ನಲ್ಲಿ, ಆರ್ಕೈವ್‌ನಿಂದ ಸ್ವಲ್ಪವೇ ದೂರ, ನಾಲ್ಕೈದು ಮೇಜಿನ ಒಂದು ಸಣ್ಣ ಹೋಟೆಲು ಸಿಕ್ಕಿತು. ಹೊರಗೆ ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ ಇವತ್ತಿನ ಸೂಪು ಯಾವುದು ಅಂತ ಬರೆದಿರುತ್ತಾರೆ. ಏಳು ಯೂರೋಗೆ ದೊಡ್ಡ ಬಟ್ಟಲು ತರಕಾರಿ ಸೂಪು, ಎರಡು ದಪ್ಪ ಹೋಳು ಬ್ರೌನ್ ಬ್ರೆಡ್, ಕೇಳಿದಷ್ಟು ಬೆಣ್ಣೆ. ಕ್ಯಾರೆಟ್, ಆಲೂಗಡ್ಡೆ, ಲೀಕ್ ಅನ್ನುವ ಈರುಳ್ಳಿ ಜಾತಿಯ ತರಕಾರಿ ಬೇಯಿಸಿ ನುಣ್ಣಗೆ ಅರೆದು ಮೆಣಸು ಹಾಕಿದ ಸೂಪು. ಆ ಬ್ರೆಡ್ಡಿಗೆ ಯೀಸ್ಟ್ ಇಲ್ಲ. ಗೋಧಿ ಹಿಟ್ಟಿಗೆ ಮಜ್ಜಿಗೆ, ಅಡುಗೆ ಸೋಡಾ ಹಾಕಿ ಹಾಗೇ ಬೇಯಿಸೋದು. ಮೇಲೆ ಗಟ್ಟಿ, ಒಳಗೆ ಒದ್ದೆ ಒದ್ದೆ, ಸ್ವಲ್ಪ ಹುಳಿ. ಬಿಸಿ ಇರುವಾಗ ಉಪ್ಪಿನ ಬೆಣ್ಣೆ ಸವರಿದರೆ ಕರಗಿ ಒಳಗೆ ಇಳಿಯುತ್ತೆ. ಕಾರ್ಕ್‌ನವರಿಗೆ ಬೆಣ್ಣೆ ಗೊತ್ತು ಬಿಡಿ. ಪಕ್ಕದ ಶ್ಯಾಂಡನ್ ಗುಡ್ಡದ ಮೇಲೆ 19ನೇ ಶತಮಾನದಲ್ಲಿ ಜಗತ್ತಿಗೇ ದೊಡ್ಡದಾದ ಬೆಣ್ಣೆ ಮಾರುಕಟ್ಟೆ ಇತ್ತು. ಹೋಟೆಲಿನ ಅಮ್ಮ ನಾನು ತಟ್ಟೆ ಒರೆಸಿ ತಿನ್ನೋದನ್ನು ನೋಡಿ ಕೇಳದೇ ಇನ್ನೊಂದು ಹೋಳು ತಂದಿಟ್ಟರು. ಕಾರ್ಕ್‌ನಲ್ಲಿ ಇರುವವರೆಗೂ ಮಧ್ಯಾಹ್ನ ಬೇರೆ ಕಡೆ ಹೋಗಲಿಲ್ಲ. ಒಂದು ಮಾತ್ರ ಕೇಳಿಕೊಳ್ಳಿ. ತರಕಾರಿ ಸೂಪು ಅಂದರೂ ಕೆಲವು ಕಡೆ ಕೋಳಿ ಬೇಯಿಸಿದ ನೀರು ಹಾಕಿರುತ್ತಾರೆ. ಕೇಳಿದರೆ ಬೇಸರ ಮಾಡಿಕೊಳ್ಳೋದಿಲ್ಲ, ಒಳಗೆ ಹೋಗಿ ವಿಚಾರಿಸಿಕೊಂಡು ಬಂದು ಹೇಳುತ್ತಾರೆ.

ಯಾಲ್ ಅನ್ನುವ ಸಮುದ್ರ ದಂಡೆಯ ಊರು ಕಾರ್ಕ್‌ನಿಂದ ಸುಮಾರು 50 ಕಿ.ಮೀ. ಬೋರ್ಡಿನಲ್ಲಿ ಯೂಘಲ್ ಅಂತ ಓದುವ ಹಾಗಿರುತ್ತೆ. 1840ರಲ್ಲಿ ಕಾರ್ಪೊರೇಷನ್ ಕಳೆದುಕೊಂಡ ಊರುಗಳಲ್ಲಿ ಇದೂ ಒಂದು. ಹಳೆಯ ಕೋಟೆ ಗೋಡೆ, ರಸ್ತೆಗೆ ಅಡ್ಡಲಾಗಿ ನಿಂತ 1777ರ ಗಡಿಯಾರ ಗೋಪುರ ನೋಡಬೇಕಾದದ್ದೇ. ಆ ಗೋಪುರ ಒಂದು ಕಾಲಕ್ಕೆ ಜೈಲಾಗಿತ್ತು. ಆದರೆ ಅಲ್ಲಿನ ಟೌನ್ ಕಮಿಷನರ್‌ಗಳ ಪುಸ್ತಕ ಅಲ್ಲಿಲ್ಲ, ಬ್ಲ್ಯಾಕ್‌ಪೂಲ್‌ನಲ್ಲೇ ಇದೆ. ಹಾಗಾಗಿ ಮೊದಲು ಕಾರ್ಕ್‌ನಲ್ಲಿ ಓದಿ, ಆಮೇಲೆ ಊರು ನೋಡಲು ಹೋಗಿ. ಓದಿದ ಬೀದಿಯಲ್ಲೇ ನಡೆಯುವ ಸುಖ ಬೇರೆ.

ವಾಪಸ್ ಬರುವ ಬಸ್ಸಿನ ಕಥೆ ಮಾತ್ರ ಕೇಳಬೇಡಿ. ಸಂಜೆ ಸ್ಟಾಪಿನಲ್ಲಿ ಮಳೆಗೆ ನಿಂತಿದ್ದೆವು. ನೆರಳಿಲ್ಲ, ಬೆಂಚಿಲ್ಲ. ಬಂದ ಬಸ್ಸು ತುಂಬಿದೆ ಅಂತ ದೀಪ ಮಿನುಗಿಸಿ ನಿಲ್ಲದೇ ಹೋಯಿತು. ನಮ್ಮಲ್ಲಾದರೆ ಫುಟ್‌ಬೋರ್ಡ್ ಮೇಲಾದರೂ ಹತ್ತಿಸಿಕೊಳ್ಳುತ್ತಿದ್ದರು. ಮೊಬೈಲಿನಲ್ಲಿ ಮುಂದಿನ ಬಸ್ಸು ಐದು ನಿಮಿಷ ಅಂತ ತೋರಿಸುತ್ತ ತೋರಿಸುತ್ತ ಆ ಸಾಲೇ ಮಾಯವಾಯಿತು. ಒಂದು ಗಂಟೆಯ ಮೇಲೆ ಬಂದ ಬಸ್ಸಿನಲ್ಲಿ ಹೀಟರ್ ಕೆಟ್ಟಿತ್ತು. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಆಸ್ಪತ್ರೆಗೆ ಹೋಗಬೇಕಾದವರು. ಅವರಿಗಾಗಿ ನನಗೆ ಜಾಸ್ತಿ ಸಿಟ್ಟು ಬಂತು. ಮಧ್ಯಾಹ್ನ ಮೂರರ ಒಳಗೆ ಹೊರಟುಬಿಡಿ. ಕೊನೆಯ ಬಸ್ಸನ್ನು ನಂಬಬೇಡಿ.

ರೈಲಿನ ಮಾತೇ ಬೇರೆ. ಡಬ್ಲಿನ್–ಬೆಲ್ಫಾಸ್ಟ್ ರೈಲು ದಾರಿಯಲ್ಲಿ ಡಂಡಾಕ್ ಬರುತ್ತೆ. ಲೌತ್ ಕೌಂಟಿ ಆರ್ಕೈವ್ಸ್ ಅಲ್ಲಿನ ಹಳೆಯ ಜೈಲಿನಲ್ಲಿದೆ. ಸ್ಟೇಷನ್‌ನಿಂದ ನಡೆಯುವ ದೂರ. ಜನ ಕಡಿಮೆ, ಸದ್ದಿಲ್ಲ. ಕಾರ್ಕ್‌ಗೆ ಹೋಗಲು ಆಗದವರು ಡಬ್ಲಿನ್‌ನಿಂದ ಬೆಳಿಗ್ಗೆ ಹೊರಟು ಸಂಜೆ ಮನೆಗೆ ಬರಬಹುದು. ಇಲ್ಲಿಗೂ ಸಮಯ ಮೊದಲೇ ಕೇಳಿಕೊಳ್ಳಿ.

ಬೆಲ್ಫಾಸ್ಟ್‌ಗೆ ಹೋಗುವವರು ವೀಸಾ ಸ್ಟಿಕ್ಕರ್ ಮೇಲೆ ಬಿಐವಿಎಸ್ ಅನ್ನುವ ನಾಲ್ಕು ಅಕ್ಷರ ಇದೆಯೇ ಅಂತ ಮನೆಯಲ್ಲೇ ನೋಡಿಕೊಳ್ಳಿ. ಬೆಲ್ಫಾಸ್ಟ್ ಬ್ರಿಟನ್ನಿಗೆ ಸೇರಿದ್ದು. ಭಾರತದಲ್ಲಿ ಐರಿಷ್ ಪ್ರವಾಸಿ ವೀಸಾ ತೆಗೆದುಕೊಳ್ಳುವಾಗ ಈ ಬ್ರಿಟಿಷ್-ಐರಿಷ್ ಯೋಜನೆಯಲ್ಲಿ ಕೊಟ್ಟರೆ ಅದೇ ವೀಸಾದಲ್ಲಿ ಎರಡೂ ಕಡೆ ಹೋಗಬಹುದು. ಮೊದಲು ಐರ್ಲೆಂಡಿಗೇ ಇಳಿದಿರಬೇಕು. ಗಡಿಯಲ್ಲಿ ರೈಲು ನಿಲ್ಲಿಸಿ ನೋಡೋದಿಲ್ಲ ಅಂತ ಹಾಗೇ ಹೋಗಬೇಡಿ, ಕಾನೂನು ಕಾನೂನೇ. ನನಗೆ ಆಶ್ಚರ್ಯವಾದದ್ದು ಇದು: ವರ್ಷಗಟ್ಟಲೆ ಅಲ್ಲೇ ದುಡಿಯುತ್ತಿರುವ, ಭಾರತದ ಪಾಸ್‌ಪೋರ್ಟ್ ಇರುವ ಮಗಳಿಗೆ ಬೆಲ್ಫಾಸ್ಟ್‌ಗೆ ಬೇರೆ ಬ್ರಿಟನ್ ವೀಸಾ ಬೇಕು. ಅಲ್ಲಿನ ವಾಸದ ಕಾರ್ಡು ಸಾಲದು. ತಿರುಗಾಡಲು ಬಂದ ಅಪ್ಪನಿಗೆ ಬೇಡ. ಹಾಗಾಗಿ ಒಬ್ಬನೇ ಹೋದೆ.

ದಾಖಲೆ ಕಚೇರಿ ಟೈಟಾನಿಕ್ ಕ್ವಾರ್ಟರ್‌ನಲ್ಲಿದೆ, ಹೆಸರು ಪ್ರೋನಿ, ಅಂದರೆ ಉತ್ತರ ಐರ್ಲೆಂಡಿನ ಪಬ್ಲಿಕ್ ರೆಕಾರ್ಡ್ ಆಫೀಸ್. ಪಾಸ್‌ಪೋರ್ಟ್ ತೋರಿಸಿದರೆ ಓದುಗರ ಕಾರ್ಡು ಮಾಡಿಕೊಡುತ್ತಾರೆ, ದುಡ್ಡಿಲ್ಲ. ಜಾಗ ದೊಡ್ಡದು, ಬೆಳಕು ಚೆನ್ನಾಗಿದೆ. ಗಾರ್ಡಿಯನ್‌ಗಳ ಪುಸ್ತಕಗಳೆಲ್ಲ ಬಿಜಿ ಅನ್ನುವ ಗುರುತಿನಲ್ಲಿ, ನಗರ ಆಡಳಿತದವು ಎಲ್‌ಎ ಗುರುತಿನಲ್ಲಿ. ಬೆಲ್ಫಾಸ್ಟ್ ಯೂನಿಯನ್ ಬಿಜಿ 7, ಅದರ ನಡಾವಳಿ ಬಿಜಿ 7 ಎ. ಬೆಲ್ಫಾಸ್ಟ್‌ನಲ್ಲಿ ಹೆಂಗಸರಿಗೆ ನಗರ ಚುನಾವಣೆಯ ಮತ 1887ರಲ್ಲೇ ಸಿಕ್ಕಿತು. ಉಳಿದ ಐರ್ಲೆಂಡಿನ ಹೆಚ್ಚಿನ ಕಡೆ ಅದು ಬಂದದ್ದು 1898ರ ಸ್ಥಳೀಯ ಆಡಳಿತ ಕಾಯ್ದೆಯಿಂದ. ಆ ವರ್ಷಗಳ ನಗರಸಭೆ ಪುಸ್ತಕ ಓದಲು ಒಂದು ದಿನ ಸಾಲದು, ಎರಡು ದಿನ ಇಟ್ಟುಕೊಳ್ಳಿ. ಯೂರೋ ಅಲ್ಲಿ ನಡೆಯೋದಿಲ್ಲ. ಬ್ಯಾಗಿಡುವ ಪೆಟ್ಟಿಗೆಗೆ ಬೇಕಾಗಬಹುದು, ಒಂದು ಪೌಂಡಿನ ನಾಣ್ಯ ಜೇಬಿನಲ್ಲಿರಲಿ.